ಎಸ್‌ಎಸಿಡಿ ಇನ್ನೂ ಕೊಳ್ಳಬೇಕೆ? ಪ್ಲೇಯರ್ ಕೈಕೊಟ್ಟ ಮೇಲೆ ಎದ್ದ ಪ್ರಶ್ನೆ

ಷಡ್ಜಪ್ರಿಯ

ಹದಿನಾಲ್ಕು ವರ್ಷ ಚಕಾರವೆತ್ತದೆ ದುಡಿದ ನನ್ನ ಪ್ಲೇಯರ್ ಕಳೆದ ವಾರ ಮುನಿಸಿಕೊಂಡಿತು. ಸಾಮಾನ್ಯ ಸಿಡಿ ಹಾಕಿದರೆ ಏನೂ ಆಗಿಲ್ಲವೆಂಬಂತೆ ನುಡಿಸುತ್ತದೆ. ಸೂಪರ್ ಆಡಿಯೊ ಸಿಡಿ (ಎಸ್‌ಎಸಿಡಿ, ಸಿಡಿಗಿಂತ ಹೆಚ್ಚು ಸಾಂದ್ರವಾಗಿ ದನಿ ತುಂಬಿದ ಡಿಸ್ಕ್) ಹಾಕಿದರೆ ಗರಗರ ತಿರುಗಿಸಿ, ನಿಂತು, ಮತ್ತೆ ತಿರುಗಿಸಿ, ಕೊನೆಗೆ ‘ಡಿಸ್ಕ್ ಇಲ್ಲ’ ಎಂದು ಬರೆದು ತೋರಿಸುತ್ತದೆ. ಡಿಸ್ಕ್ ಅದರ ಹೊಟ್ಟೆಯಲ್ಲೇ ಇದೆ! ತಯಾರಕರಿಗೆ ಬರೆದೆ. ಆ ಮಾದರಿಯ, ಡಿಸ್ಕ್ ಓದುವ ಲೇಸರ್ ಹೆಡ್ ಈಗ ದಾಸ್ತಾನಿನಲ್ಲಿಲ್ಲ, ಮುಂದೆಯೂ ಬರುವುದಿಲ್ಲ ಎಂದು ಎರಡೇ ಸಾಲಿನ ಉತ್ತರ ಬಂತು.

ಕಪಾಟಿನಲ್ಲಿ ಇನ್ನೂರಕ್ಕೂ ಹೆಚ್ಚು ಎಸ್‌ಎಸಿಡಿಗಳಿವೆ. ಹೆಚ್ಚಿನವು ಹೈಬ್ರಿಡ್, ಅಂದರೆ ಎಸ್‌ಎಸಿಡಿ ಪದರದ ಜೊತೆ ಸಾಮಾನ್ಯ ಸಿಡಿ ಪದರವೂ ಇದೆ, ಅದಾದರೂ ಎಲ್ಲಿ ಬೇಕಾದರೂ ಹಾಡುತ್ತದೆ. ಆದರೆ ಮೂವತ್ತನಾಲ್ಕು ಡಿಸ್ಕುಗಳು ಒಂಟಿ ಪದರದವು. ಅವಕ್ಕೆ ಎಸ್‌ಎಸಿಡಿ ಪ್ಲೇಯರ್ ಇಲ್ಲದಿದ್ದರೆ ಹೊಳೆಯುವ ತಟ್ಟೆಗಳಷ್ಟೇ. ಹೊಸ ಪ್ಲೇಯರ್ ಕೊಂಡು ಇದೇ ದಾರಿಯಲ್ಲಿ ಮುಂದುವರಿಯಬೇಕೆ, ಅಥವಾ ಇಲ್ಲಿಗೆ ಸಾಕೆ? ಅನುಭವಸ್ಥರು ಹೇಳಿ.

ಬೆಸುಗೆಕಡ್ಡಿ

ಮೊದಲು ರೋಗ ಯಾವುದೆಂದು ನೋಡೋಣ. ಸಿಡಿ ಓದುವುದು 780 ನ್ಯಾನೊಮೀಟರ್ ಅಲೆಯುದ್ದದ ಲೇಸರ್. ಎಸ್‌ಎಸಿಡಿಯ ಹೆಚ್ಚು ಸಾಂದ್ರತೆಯ ಪದರವನ್ನು ಓದುವುದು 650 ನ್ಯಾನೊಮೀಟರಿನ ಕೆಂಪು ಲೇಸರ್, ಡಿವಿಡಿಯದ್ದೇ ಬಗೆ. ಒಂದು ದಣಿದರೂ ಇನ್ನೊಂದು ಆರೋಗ್ಯವಾಗಿರಬಹುದು. ನಿಮ್ಮಲ್ಲಿ ಆಗಿರುವುದು ಅದೇ ಎಂದು ತೋರುತ್ತದೆ.

ಆದರೂ ಅಂತ್ಯಸಂಸ್ಕಾರಕ್ಕೆ ಅವಸರ ಬೇಡ. ಪ್ಲಗ್ ತೆಗೆದು, ಮುಚ್ಚಳ ಬಿಚ್ಚಿ, ಲೆನ್ಸನ್ನು ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಅದ್ದಿದ ಹತ್ತಿಯಿಂದ ಹಗುರವಾಗಿ ಒರೆಸಿ. ಹೆಡ್ ಓಡಾಡುವ ಸರಳಿನ ಮೇಲಿನ ಗ್ರೀಸ್ ಗಟ್ಟಿಯಾಗಿದ್ದರೆ ತೆಗೆದು ಹೊಸದು ಹಚ್ಚಿ. ಅರ್ಧದಷ್ಟು ‘ಸತ್ತ’ ಯಂತ್ರಗಳು ಇಷ್ಟಕ್ಕೇ ಎದ್ದು ಕೂತದ್ದನ್ನು ನಾನು ನೋಡಿದ್ದೇನೆ. ಒಂದು ಎಚ್ಚರಿಕೆ: ಹೆಡ್ಡಿನ ಪಕ್ಕದಲ್ಲಿ ಲೇಸರಿನ ಶಕ್ತಿ ಹೊಂದಿಸುವ ಪುಟ್ಟ ತಿರುಪು ಇರುತ್ತದೆ. ಅದನ್ನು ತಿರುಗಿಸಿದರೆ ಎರಡು ವಾರ ಅದ್ಭುತವಾಗಿ ನುಡಿಸಿ ಆಮೇಲೆ ಶಾಶ್ವತವಾಗಿ ಮೌನವಾಗುತ್ತದೆ.

ಶಂಕಾಸುರ

ಇಲ್ಲಿಗೆ ಸಾಕು ಎನ್ನುವುದೇ ನನ್ನ ಉತ್ತರ. 1999ರಲ್ಲಿ ಸೋನಿ ಮತ್ತು ಫಿಲಿಪ್ಸ್ ಇದನ್ನು ತಂದಾಗ ಸಿಡಿಯ ಉತ್ತರಾಧಿಕಾರಿ ಎಂದು ಪಟ್ಟ ಕಟ್ಟಿದರು. ಮರುವರ್ಷ ಎದುರಾಳಿಯಾಗಿ ಡಿವಿಡಿ-ಆಡಿಯೊ ಬಂತು. ಎರಡೂ ಕಚ್ಚಾಡಿದವು. ಜನ ಎರಡನ್ನೂ ಬಿಟ್ಟು ಎಂಪಿ3 ಹಿಡಿದರು. ಡಿವಿಡಿ-ಆಡಿಯೊ ಬೇಗ ಸತ್ತಿತು, ಎಸ್‌ಎಸಿಡಿ ನಿಧಾನವಾಗಿ ಸಾಯುತ್ತಿದೆ. ವ್ಯತ್ಯಾಸ ಅಷ್ಟೇ.

ಹಿಂದಿನಸಾಲು

ಇಪ್ಪತ್ತೈದು ವರ್ಷದಿಂದ ‘ನಿಧಾನವಾಗಿ ಸಾಯುತ್ತಿದೆ’ ಎಂದು ಕೇಳಿಕೊಂಡೇ ಬಂದಿದ್ದೇನೆ ಶಂಕಾಸುರ ಅವರೇ. ಇಷ್ಟು ದೀರ್ಘಾಯುಷ್ಯದ ಮರಣವನ್ನು ನಾನು ಬೇರೆಲ್ಲೂ ಕಂಡಿಲ್ಲ.

ಹೆಣ ಹೊರುವ ಮುನ್ನ ಈ ಡಿಸ್ಕ್ ಮಾಡಿದ ಕೆಲಸವನ್ನೂ ನೋಡಿ. ಪಾಶ್ಚಾತ್ಯ ಶಾಸ್ತ್ರೀಯ ಸಂಗೀತದ ಸಣ್ಣ ಲೇಬಲ್ಲುಗಳಾದ ಬಿಐಎಸ್, ಪೆಂಟಾಟೋನ್, ಚಾನೆಲ್ ಕ್ಲಾಸಿಕ್ಸ್, ಷಾಂಡೋಸ್, ಲಿನ್ ಎಲ್ಲವೂ ಸಭಾಂಗಣದ ಗಾಳಿಯನ್ನೇ ಹಿಡಿದು ಕೊಟ್ಟದ್ದು ಇದರಲ್ಲಿ. ಸ್ಟೀರಿಯೊ ಒಂದು ಕಡೆ, ಸುತ್ತಲಿಂದ ಕೇಳಿಸುವ ಐದು ಅಥವಾ ಆರು ಚಾನೆಲ್ಲುಗಳ ಸರೌಂಡ್ ಇನ್ನೊಂದು ಕಡೆ, ಜೊತೆಗೆ ಸಿಡಿ ಪದರ. ಎಲ್ಲವೂ ಒಂದೇ ಡಿಸ್ಕಿನಲ್ಲಿ. ಮನೆಯಲ್ಲಿ ಎರಡೇ ಸ್ಪೀಕರ್ ಇದ್ದವನಿಗೂ ಐದು ಇದ್ದವನಿಗೂ ಅಂಗಡಿಯವನು ಒಂದೇ ಪೆಟ್ಟಿಗೆ ಮಾರಿದರೆ ಸಾಕಿತ್ತು.

1970ರ ದಶಕದಲ್ಲಿ ಫಿಲಿಪ್ಸ್ ನಾಲ್ಕು ಚಾನೆಲ್ಲುಗಳಲ್ಲಿ ಮುದ್ರಿಸಿದ್ದ ಟೇಪುಗಳಿದ್ದವಲ್ಲ, ಅವನ್ನು ಪೆಂಟಾಟೋನ್ ಎಸ್‌ಎಸಿಡಿಯಲ್ಲಿ ತಂದಾಗಲೇ ಹಲವರು ಅವನ್ನು ನಾಲ್ಕು ಮೂಲೆಯಿಂದ ಮೊದಲ ಬಾರಿ ಕೇಳಿದ್ದು. ಆರ್‌ಸಿಎ ಲಿವಿಂಗ್ ಸ್ಟೀರಿಯೊ ಸರಣಿಯದ್ದೂ ಅದೇ ಕಥೆ. 1950ರ ದಶಕದಲ್ಲಿ ಮೂರು ಟ್ರ್ಯಾಕಿನಲ್ಲಿ ಮುದ್ರಿಸಿದ್ದರು, ಎಲ್‌ಪಿಗಾಗಿ ಎರಡಕ್ಕೆ ಇಳಿಸಿದ್ದರು. ನಡುವಿನ ಆ ಮೂರನೆಯ ಟ್ರ್ಯಾಕ್ ಅರ್ಧ ಶತಮಾನ ಕಾದು, ಎಸ್‌ಎಸಿಡಿ ಬಂದ ಮೇಲೆ ತನ್ನದೇ ಸ್ಪೀಕರಿನಲ್ಲಿ ಕೇಳಿಸಿತು. ಮೊದಲ ಸಲ ಆ ನಡುವಿನ ಸ್ಪೀಕರಿನ ಮುಂದೆ ಹೋಗಿ ಕುಕ್ಕರುಗಾಲಿನಲ್ಲಿ ಕೂತು, ಬರೀ ಅದರ ದನಿಯನ್ನೇ ಕೇಳಿದ್ದೆ. ಮನೆಯವರು ನನಗೆ ಏನೋ ಆಗಿದೆ ಎಂದುಕೊಂಡರು.

ಶಂಕಾಸುರ

ಸರೌಂಡ್ ವಿಷಯ ಒಪ್ಪಿದೆ. ನನ್ನ ತಕರಾರು ‘ಸಿಡಿಗಿಂತ ನುಣುಪಾದ ದನಿ’ ಎಂಬ ಸ್ಟೀರಿಯೊ ಮಾತಿನ ಬಗ್ಗೆ. 2007ರಲ್ಲಿ ಮೆಯರ್ ಮತ್ತು ಮೊರಾನ್ ಎಂಬಿಬ್ಬರು ಆಡಿಯೊ ಎಂಜಿನಿಯರಿಂಗ್ ಸೊಸೈಟಿಯ ಪತ್ರಿಕೆಯಲ್ಲಿ ಒಂದು ಪರೀಕ್ಷೆಯ ವರದಿ ಕೊಟ್ಟರು. ಎಸ್‌ಎಸಿಡಿ, ಡಿವಿಡಿ-ಆಡಿಯೊಗಳ ದನಿಯನ್ನು ನೇರವಾಗಿ ಒಮ್ಮೆ, ಸಿಡಿಯ 16 ಬಿಟ್, 44.1 ಕಿಲೊಹರ್ಟ್ಸ್ ಮಟ್ಟಕ್ಕೆ ಇಳಿಸಿ ಒಮ್ಮೆ ಕೇಳಿಸಿದರು. 554 ಪ್ರಯತ್ನಗಳಲ್ಲಿ 276 ಸರಿ. ನಾಣ್ಯ ಚಿಮ್ಮಿದರೂ ಅಷ್ಟೇ ಬರುತ್ತಿತ್ತು.

ರೀಲುಗಾಡಿ

ಆ ಲೇಖನದ ಕೊನೆಯ ಭಾಗವನ್ನು ಯಾರೂ ಉಲ್ಲೇಖಿಸುವುದಿಲ್ಲ ನೋಡಿ. ಈ ಡಿಸ್ಕುಗಳಲ್ಲಿ ಹಲವು ಸಾಮಾನ್ಯ ಸಿಡಿಗಳಿಗಿಂತ ನಿಜಕ್ಕೂ ಚೆನ್ನಾಗಿ ಕೇಳಿಸುತ್ತವೆ ಎಂದು ಅವರೇ ಬರೆದಿದ್ದರು. ಅವರು ಕೊಟ್ಟ ಕಾರಣ, ಕೇಳುಗರು ಕಡಿಮೆಯಿರುವ ಈ ಮಾರುಕಟ್ಟೆಗಾಗಿ ಎಂಜಿನಿಯರುಗಳು ಹೆಚ್ಚು ಜೋಪಾನದಿಂದ ಕೆಲಸ ಮಾಡಿರುತ್ತಾರೆ ಎನ್ನುವುದು. 2016ರಲ್ಲಿ ಬಂದ ರೈಸ್ ಅವರ ಅಧ್ಯಯನ ಹದಿನೆಂಟು ಪ್ರಯೋಗಗಳನ್ನು ಒಟ್ಟುಗೂಡಿಸಿತು. ಹನ್ನೆರಡೂವರೆ ಸಾವಿರಕ್ಕೂ ಮೀರಿದ ಪ್ರಯತ್ನಗಳು, ಸರಿಯಾದದ್ದು ಶೇ 52.3. ತರಬೇತಿ ಪಡೆದ ಕಿವಿಗಳು ಇನ್ನೂ ಸ್ವಲ್ಪ ಮೇಲೆ. ಏನೋ ಇದೆ, ಆದರೆ ಕೂದಲೆಳೆಯಷ್ಟು.

ಡಿಸ್ಕಿಗೆ ಹೋಗುವ ಮುನ್ನ ದನಿಯನ್ನು ಕೊನೆಯದಾಗಿ ಹದಗೊಳಿಸುವ ಮಾಸ್ಟರಿಂಗ್ ಕೋಣೆಯಲ್ಲಿ ಹಲವು ವರ್ಷ ಕಳೆದವನಾಗಿ ಹೇಳುತ್ತೇನೆ: ಕೂದಲೆಳೆಗಾಗಿ ಯಾರೂ ಇನ್ನೂರು ಡಿಸ್ಕ್ ಕೊಳ್ಳುವುದಿಲ್ಲ. ಅದೇ ಹಾಡಿನ ಜನಪ್ರಿಯ ಸಿಡಿಯನ್ನು ಗೋಡೆಗೆ ಬಡಿಯುವಷ್ಟು ಜೋರು ಮಾಡಿ ಹಿಂಡಿರುತ್ತಾರೆ. ಎಸ್‌ಎಸಿಡಿಗೆ ಬಂದಾಗ ಮೂಲ ಟೇಪ್ ಹುಡುಕುತ್ತಾರೆ, ಏರಿಳಿತ ಉಳಿಸುತ್ತಾರೆ. ನೀವು ಮೆಚ್ಚಿದ್ದು ಆ ಜೋಪಾನವನ್ನು. ಈ ಫಾರ್ಮ್ಯಾಟ್ ಅಳಿದರೆ ಆ ಜೋಪಾನಕ್ಕೆ ನೆಪ ಇಲ್ಲವಾಗುತ್ತದಲ್ಲ ಎನ್ನುವುದಷ್ಟೇ ನನ್ನ ಅಳುಕು.

ಒಂದುಬಿಟ್

ದನಿಯ ಜಗಳ ಮುಗಿಯುವಂಥದ್ದಲ್ಲ. ಮೂಲ ಪ್ರಶ್ನೆ ಭವಿಷ್ಯದ್ದು. ಆ ಭವಿಷ್ಯವನ್ನು ಕಟ್ಟಿಹಾಕಿದ್ದು ಎಂಪಿ3 ಅಲ್ಲ, ಡಿಸ್ಕಿಗೇ ಹಾಕಿದ ಬೀಗ ಎನ್ನುವುದು ನನ್ನ ವಾದ.

ಎಸ್‌ಎಸಿಡಿಯಲ್ಲಿ ದನಿಯನ್ನು ಬರೆದಿರುವ ಡಿಜಿಟಲ್ ಕ್ರಮದ ಹೆಸರು ಡಿಎಸ್‌ಡಿ. ಸಿಡಿಯಂತೆ 16 ಬಿಟ್ಟುಗಳ ಮಾದರಿಗಳಲ್ಲ. ಒಂದೇ ಒಂದು ಬಿಟ್, ಆದರೆ ಸೆಕೆಂಡಿಗೆ 28,22,400 ಸಲ, ಸಿಡಿಯ ದರದ ಸರಿಯಾಗಿ 64 ಪಟ್ಟು. 4.7 ಗಿಗಾಬೈಟ್ ಪದರ, ಸರೌಂಡ್ ಹಿಡಿಸಲು ಡಿಎಸ್‌ಟಿ ಎಂಬ ನಷ್ಟವಿಲ್ಲದ ಸಂಕೋಚನ. ಇಲ್ಲಿಯವರೆಗೆ ಎಲ್ಲವೂ ಚೆಂದ. ಸಿಡಿಯನ್ನು ಕಂಪ್ಯೂಟರಿನಲ್ಲಿ ನಕಲು ಮಾಡುವುದನ್ನು ಕಂಡು ಹೆದರಿದ್ದ ಕಂಪನಿಗಳು ಇದಕ್ಕೆ ಗೂಢಲಿಪೀಕರಣ ಹಾಕಿದವು. ಸಾಲದೆಂದು ಡಿಸ್ಕಿನ ಕುಳಿಗಳ ಆಕಾರದಲ್ಲೇ ಒಂದು ಗುರುತನ್ನು ಅಡಗಿಸಿದವು. ಆ ಗುರುತನ್ನು ಓದಬಲ್ಲ ಡ್ರೈವನ್ನು ಕಂಪ್ಯೂಟರಿಗೆ ಮಾಡಲು ಯಾರಿಗೂ ಪರವಾನಗಿ ಸಿಗಲಿಲ್ಲ. ಮೊದಮೊದಲು ಡಿಜಿಟಲ್ ಹೊರದಾರಿಯೂ ಇರಲಿಲ್ಲ. ಸರೌಂಡ್ ಬೇಕೆಂದರೆ ಪ್ಲೇಯರಿನ ಬೆನ್ನಿಂದ ಆರು ಅನಲಾಗ್ ಕೇಬಲ್ ಎಳೆಯಬೇಕಿತ್ತು. 2005ರಲ್ಲಿ ಟಿವಿ, ಪ್ಲೇಯರುಗಳನ್ನು ಬೆಸೆಯುವ ಎಚ್‌ಡಿಎಂಐ ಸಂಪರ್ಕದ 1.2 ಆವೃತ್ತಿ ಡಿಎಸ್‌ಡಿಗೆ ಜಾಗ ಕೊಟ್ಟಿತು. ಅಷ್ಟರಲ್ಲಿ ಮದುವೆಯ ಊಟ ಮುಗಿದಿತ್ತು.

ಸಿಡಿಯನ್ನು ನೋಡಿ. ಅದಕ್ಕೆ ಬೀಗವೇ ಇಲ್ಲ. ಸಿಡಿ ಪ್ಲೇಯರುಗಳೆಲ್ಲ ನಾಳೆ ಮಾಯವಾದರೂ ಅದರ ಸಂಗೀತ ಸಾವಿರ ಕಡೆ ಉಳಿದಿರುತ್ತದೆ. ಎಸ್‌ಎಸಿಡಿ ಮಾತ್ರ ತನ್ನ ಪ್ರಾಣವನ್ನು ಏಳು ಸಮುದ್ರದಾಚೆಯ ಗಿಳಿಯಲ್ಲಿಟ್ಟ ರಾಕ್ಷಸನಂತೆ. ಲೇಸರ್ ಹೆಡ್ಡೇ ಆ ಗಿಳಿ.

ಹೊಸಕಿವಿ

ನಾನು ಇದರಲ್ಲಿ ಹೊಸಬ, ತಪ್ಪಿದ್ದರೆ ತಿದ್ದಿ. ಹಳೆಯ ಸಿಡಿಗಳ ರಾಶಿಯಲ್ಲಿ ರೋಲಿಂಗ್ ಸ್ಟೋನ್ಸ್‌ನ 2002ರ ಮರುಮುದ್ರಣವೊಂದು ಸಿಕ್ಕಿತು. ಮಡಚುವ ರಟ್ಟಿನ ಹೊದಿಕೆ. ಅದು ಎಸ್‌ಎಸಿಡಿ ಎಂದು ಯಾರೋ ಹೇಳಿದರು. ಕಂಪ್ಯೂಟರಿಗೆ ಹಾಕಿದರೆ ಬರೀ ಸಿಡಿಯಾಗಿ ಕಾಣುತ್ತದೆ. ನಾನು ಮೋಸಹೋದೆನೆ?

ಒಂದುಬಿಟ್

ಇಲ್ಲ, ಅದೃಷ್ಟವಂತರು ನೀವು. ಆ ಸರಣಿ ಹೈಬ್ರಿಡ್ ಆಗಿಯೇ ಬಂದದ್ದು. ವಿಚಿತ್ರವೆಂದರೆ ಹೊದಿಕೆಯ ಮೇಲೆ ಎಸ್‌ಎಸಿಡಿ ಎಂದು ಎದ್ದು ಕಾಣುವಂತೆ ಬರೆಯಲೇ ಇಲ್ಲ. ಸಾಮಾನ್ಯ ಸಿಡಿ ಎಂದೇ ಮಾರಿದರು. ತಮ್ಮ ಮನೆಯಲ್ಲಿ ಎಸ್‌ಎಸಿಡಿ ಇದೆ ಎಂದೇ ತಿಳಿಯದ ಜನ ಎಷ್ಟಿದ್ದಾರೋ.

ಕಂಪ್ಯೂಟರಿನ ಡ್ರೈವಿಗೆ ಮೇಲಿನ ಪದರ ಪಾರದರ್ಶಕವಿದ್ದಂತೆ. 780ರ ಕಿರಣ ಅದನ್ನು ದಾಟಿ ಹಿಂದಿನ ಸಿಡಿ ಪದರಕ್ಕೆ ಹೋಗಿಬಿಡುತ್ತದೆ. ಅದಕ್ಕಾಗಿಯೇ ಹೈಬ್ರಿಡ್ ಸಾಧ್ಯವಾದದ್ದು.

ಹೊಸಕಿವಿ

ಹಾಗಾದರೆ ಆ ಪದರವನ್ನು ಕಂಪ್ಯೂಟರಿಗೆ ತರುವ ದಾರಿಯೇ ಇಲ್ಲವೆ?

ಒಂದುಬಿಟ್

ಕಂಪ್ಯೂಟರಿನ ಡ್ರೈವಿನಿಂದ ಇಲ್ಲ. ಆದರೆ ಸೋನಿಯದೇ ಪ್ಲೇಸ್ಟೇಷನ್ 3 ಆಟದ ಯಂತ್ರದ ಮೊದಲ ಮಾದರಿಗಳು ಎಸ್‌ಎಸಿಡಿ ಓದುತ್ತಿದ್ದವು. ಮುಂದಿನ ಮಾದರಿಗಳಲ್ಲಿ ಆ ಸೌಲಭ್ಯ ಕಿತ್ತುಹಾಕಿದರು. ಹಳೆಯ ಸಾಫ್ಟ್‌ವೇರ್ ಉಳಿಸಿಕೊಂಡಿದ್ದ ಅಂಥ ಯಂತ್ರದಿಂದ ಡಿಸ್ಕಿನ ಪೂರ್ತಿ ಪ್ರತಿ ತೆಗೆಯಬಹುದು ಎಂದು 2011ರಲ್ಲಿ ಕೆಲವರು ತೋರಿಸಿಕೊಟ್ಟರು. ಆಮೇಲೆ ಕೆಲವು ಬ್ಲೂ-ರೇ ಪ್ಲೇಯರುಗಳಿಂದಲೂ ನೆಟ್‌ವರ್ಕ್ ಮೂಲಕ ಅದೇ ಕೆಲಸ ಆಯಿತು. ಬೀಗ ಹಾಕಿದವರ ಮನೆಯಲ್ಲೇ ಬೀಗದ ಕೈ ಸಿಕ್ಕಿತು.

ತನ್ನ ಡಿಸ್ಕನ್ನೇ ಆದರೂ ಬೀಗ ಮುರಿದು ನಕಲು ತೆಗೆಯುವುದನ್ನು ಎಲ್ಲ ದೇಶದ ಕಾನೂನೂ ಒಪ್ಪುವುದಿಲ್ಲ. ಅದು ನೆನಪಿರಲಿ. ದಾರಿ ಇದೆ ಎಂದಷ್ಟೇ ನಾನು ಹೇಳಿದ್ದು.

ಹಿಂದಿನಸಾಲು

ಷಡ್ಜಪ್ರಿಯರ ಪ್ರಶ್ನೆಗೆ ಬರೋಣ. ಪ್ಲೇಯರ್ ತಯಾರಿಕೆ ನಿಂತಿಲ್ಲ. ಮರಾಂಟ್ಜ್, ಡೆನಾನ್, ಎಸೋಟೆರಿಕ್, ಲಕ್ಸ್‌ಮನ್, ಅಕ್ಯೂಫೇಸ್ ಇವರೆಲ್ಲ ಎಸ್‌ಎಸಿಡಿ ಪ್ಲೇಯರುಗಳನ್ನು ಕೈಬಿಟ್ಟಿಲ್ಲ. ಎಸೋಟೆರಿಕ್ ಮತ್ತು ಮರಾಂಟ್ಜ್ ಡಿಸ್ಕ್ ತಿರುಗಿಸುವ ಯಂತ್ರಭಾಗವನ್ನೂ ತಾವೇ ವಿನ್ಯಾಸ ಮಾಡಿದ್ದಾರೆ. ಡಿಸ್ಕ್ ವಿಷಯಕ್ಕೆ ಬಂದರೆ ಜಪಾನಿನಲ್ಲಿ ಹಳೆಯ ಟೇಪುಗಳ ಮರುಮುದ್ರಣ ಬರುತ್ತಲೇ ಇದೆ. ಅಮೆರಿಕದ ಮರುಮುದ್ರಣ ಲೇಬಲ್ಲುಗಳಾದ ಮೊಬೈಲ್ ಫಿಡೆಲಿಟಿ ಮತ್ತು ಅನಲಾಗ್ ಪ್ರೊಡಕ್ಷನ್ಸ್ ರಾಕ್, ಜಾಝ್ ಮಾಡುತ್ತಿವೆ. ಬ್ರಿಟನ್ನಿನ ಡಟನ್ ವೊಕೇಲಿಯನ್ ಎಪ್ಪತ್ತರ ದಶಕದ ನಾಲ್ಕು ಚಾನೆಲ್ ಟೇಪುಗಳನ್ನು ಒಂದೊಂದಾಗಿ ಹೊರತೆಗೆದಿದೆ.

ಬೆಸುಗೆಕಡ್ಡಿ

ಅವೆಲ್ಲ ಬಹುತೇಕ ಸ್ಟೀರಿಯೊ ಪ್ಲೇಯರುಗಳು, ಗಮನಿಸಿ. ನಿಮ್ಮ ಪ್ರೀತಿಯ ಐದು ಚಾನೆಲ್ ಬೇಕಾದರೆ ಎಲ್ಲ ಬಗೆಯ ಡಿಸ್ಕ್ ಓದುವ ಬ್ಲೂ-ರೇ ಪ್ಲೇಯರೇ ಗತಿ. ಆ ಸಾಲು ತೆಳುವಾಗುತ್ತಾ ಬಂದಿದೆ. ಒಪ್ಪೊ 2018ರಲ್ಲಿ ಪ್ಲೇಯರುಗಳ ಅಂಗಡಿ ಮುಚ್ಚಿತು. ಇಂದಿಗೂ ಅದರ ಹಳೆಯ ಯಂತ್ರಕ್ಕಾಗಿ ಜನ ಬಾಯಿ ಬಿಡುತ್ತಾರೆ. ಪಯೋನಿಯರಿನ ಎಲ್‌ಎಕ್ಸ್500 ನಿಂತಿತು. ಸ್ಯಾಮ್‌ಸಂಗ್, ಎಲ್‌ಜಿ ಬ್ಲೂ-ರೇಯಿಂದಲೇ ಹಿಂದೆ ಸರಿದವು.

ಷಡ್ಜಪ್ರಿಯ

ಪ್ಯಾನಸೋನಿಕ್ ಯುಬಿ9000 ಹೇಗೆ? ಅದು ಅವರ ಸಾಲಿನಲ್ಲೇ ಮೇಲಿನದ್ದು, ಎಸ್‌ಎಸಿಡಿ ಓದಲೇಬೇಕಲ್ಲ.

ಬೆಸುಗೆಕಡ್ಡಿ

ಓದುವುದಿಲ್ಲ. ಇದೇ ತಪ್ಪಿನಿಂದ ಅದನ್ನು ಕೊಂಡು ಹಣೆ ಬಡಿದುಕೊಂಡವರನ್ನು ಕಂಡಿದ್ದೇನೆ. ಅದಕ್ಕಿಂತ ಎಷ್ಟೋ ಕೆಳಗಿನ ದರ್ಜೆಯ ಸೋನಿ ಎಕ್ಸ್800ಎಂ2 ಓದುತ್ತದೆ. ಆದರೆ ಅದರಲ್ಲಿ ಅನಲಾಗ್ ಹೊರದಾರಿ ಇಲ್ಲ. ಎಚ್‌ಡಿಎಂಐ ಮೂಲಕ ರಿಸೀವರಿಗೇ ಕಳಿಸಬೇಕು. ರೀವಾನ್ ಎಕ್ಸ್200, ಮ್ಯಾಗ್ನೆಟಾರ್ 800 ಮತ್ತು 900 ಕೂಡ ಓದುತ್ತವೆ. ಕೊಳ್ಳುವ ಮುನ್ನ ಪೆಟ್ಟಿಗೆಯ ಮೇಲೆ ಎಸ್‌ಎಸಿಡಿ ಗುರುತನ್ನು ಕಣ್ಣಾರೆ ನೋಡಿ.

ಶಂಕಾಸುರ

ಹಿಂದಿನಸಾಲು ಅವರ ಪಟ್ಟಿಯ ಇನ್ನೊಂದು ಮುಖವನ್ನೂ ಹೇಳಬೇಕು. ಪೆಂಟಾಟೋನ್ ಹುಟ್ಟಿದ್ದೇ ಎಸ್‌ಎಸಿಡಿಗಾಗಿ, 2001ರಲ್ಲಿ. ಅದರ ಹೊಸ ಬಿಡುಗಡೆಗಳಲ್ಲಿ ಈಗ ಹೆಚ್ಚಿನವು ಬರೀ ಸಿಡಿ. 2023ರಲ್ಲಿ ಬಿಐಎಸ್ ಅನ್ನು ಆ್ಯಪಲ್ ಕೊಂಡಿತು. ಡಿಸ್ಕ್ ಒತ್ತುವುದು ಆ್ಯಪಲ್‌ನ ಕುಲಕಸುಬಲ್ಲ. ಅಮೆರಿಕದ ಟೆರ್ರೆ ಹಾಟ್‌ನಲ್ಲಿ 1984ರಿಂದ ಸಿಡಿ ಒತ್ತುತ್ತಿದ್ದ ಸೋನಿ ಕಾರ್ಖಾನೆ 2018ರಲ್ಲಿ ಬಹುಪಾಲು ಕೆಲಸ ನಿಲ್ಲಿಸಿತು. ಸರೌಂಡ್ ಬೇಕೆನ್ನುವವರಿಗೆ ಡಾಲ್ಬಿ ಅಟ್ಮಾಸ್ ಸ್ಟ್ರೀಮಿಂಗ್‌ನಲ್ಲೇ ಬಂದಿದೆ. ಡಿಸ್ಕೇ ಬೇಕೆನ್ನುವವರಿಗೆ ಬ್ಲೂ-ರೇ ಆಡಿಯೊ ಇದೆ. ಹಳೆಯ ಆಲ್ಬಮ್ಮುಗಳನ್ನು ಮರುಮುದ್ರಿಸುವ ಲೇಬಲ್ ರೈನೊ 2023ರಲ್ಲಿ ತನ್ನ ನಾಲ್ಕು ಚಾನೆಲ್ ಸರಣಿ ಶುರುಮಾಡಿದಾಗ ಆರಿಸಿಕೊಂಡದ್ದು ಬ್ಲೂ-ರೇಯನ್ನು, ಎಸ್‌ಎಸಿಡಿಯನ್ನಲ್ಲ.

ಹಿಂದಿನಸಾಲು

ಇದಕ್ಕೆ ನನ್ನಲ್ಲಿ ಉತ್ತರವಿಲ್ಲ. ಬ್ಲೂ-ರೇ ಆಡಿಯೊ ಒಳ್ಳೆಯದೇ. ಆದರೆ ಅದನ್ನು ಕಾರಿನ ಸಿಡಿ ಪ್ಲೇಯರಿಗೆ ಹಾಕಲಾಗುವುದಿಲ್ಲ, ಹಲವು ಡಿಸ್ಕುಗಳಿಗೆ ಟಿವಿ ಹೊತ್ತಿಸಿ ಮೆನು ನೋಡಬೇಕು. ಸಂಗೀತ ಕೇಳಲು ಟಿವಿ ಹಾಕುವುದೆಂದರೆ ನನಗೆ ಚಪ್ಪಲಿ ಹಾಕಿಕೊಂಡು ಮಲಗಿದ ಹಾಗೆ.

ಅಟ್ಮಾಸ್ ಸ್ಟ್ರೀಮಿಂಗ್ ಬಗ್ಗೆ ಒಂದು ಮಾತು. ಅದು ಬರುವುದು ನಷ್ಟವಾಗುವ ಸಂಕೋಚನದಲ್ಲಿ. ಎಸ್‌ಎಸಿಡಿಯ ಸರೌಂಡ್‌ನಲ್ಲಿ ಒಂದು ಬಿಟ್ಟೂ ಬಿಟ್ಟುಹೋಗಿರುವುದಿಲ್ಲ.

ರೀಲುಗಾಡಿ

ಇಲ್ಲೊಂದು ತಮಾಷೆ ಇದೆ. ಎಸ್‌ಎಸಿಡಿ ಸೊರಗುತ್ತಿದ್ದರೂ ಡಿಎಸ್‌ಡಿ ಸೊರಗಿಲ್ಲ. ಸೋನಿ ಅದನ್ನು ಮೊದಲು ಯೋಚಿಸಿದ್ದೇ ತನ್ನ ಹಳೆಯ ಅನಲಾಗ್ ಟೇಪುಗಳನ್ನು ಕಾಪಿಡಲು. ಈಗ ಡಿಸ್ಕಿನ ದರದ ಎರಡು ಪಟ್ಟು, ನಾಲ್ಕು ಪಟ್ಟಿನ ಡಿಎಸ್‌ಡಿ ಫೈಲುಗಳೇ ಮಾರಾಟಕ್ಕಿವೆ, ಬೀಗವಿಲ್ಲದೆ. ಡಿಸ್ಕಿಗೆ ಅದು ಸಾಧ್ಯವೇ ಇಲ್ಲ. ಅದರ ನಿಯಮಾವಳಿ ಸಿಡಿಯ ದರದ 64 ಪಟ್ಟಿಗೇ ನಿಂತಿದೆ.

2022ರ ಪ್ರಕರಣ ನೆನಪಿದೆಯೆ? ಮೊಬೈಲ್ ಫಿಡೆಲಿಟಿಯ ಎಲ್‌ಪಿಗಳನ್ನು ಜನ ಅಪ್ಪಟ ಅನಲಾಗ್ ಎಂದು ನಂಬಿ ಕೊಂಡಿದ್ದರು. ನಡುವೆ ಡಿಎಸ್‌ಡಿ ಹಂತವಿತ್ತು ಎಂದು ಬಯಲಾಯಿತು. ದೊಡ್ಡ ಗದ್ದಲ, ಮೊಕದ್ದಮೆ, ಎರಡೂವರೆ ಕೋಟಿ ಡಾಲರಿನ ರಾಜಿ. ಆದರೆ ಅಲ್ಲಿಯವರೆಗೆ ‘ಡಿಜಿಟಲ್‌ನ ಸೋಂಕಿಲ್ಲದ ದನಿ’ ಎಂದು ಹೊಗಳಿದವರು ಕೇಳಿದ್ದು ಡಿಎಸ್‌ಡಿಯನ್ನೇ. ಅದಕ್ಕಿಂತ ಒಳ್ಳೆಯ ಪ್ರಮಾಣಪತ್ರ ಬೇಕೆ?

ಡಿಎಸ್‌ಡಿಗೆ ಕುಂದಿಲ್ಲ ಎಂದಲ್ಲ. ಒಂದೇ ಬಿಟ್ಟಿನ ದನಿಯನ್ನು ಕತ್ತರಿಸಿ ಜೋಡಿಸುವುದು, ಮಟ್ಟ ಏರಿಳಿಸುವುದು ತಲೆನೋವು. ಹೀಗಾಗಿ ಬಹಳಷ್ಟು ‘ಶುದ್ಧ ಡಿಎಸ್‌ಡಿ’ ಡಿಸ್ಕುಗಳು ನಡುದಾರಿಯಲ್ಲಿ 24 ಬಿಟ್, 352.8 ಕಿಲೊಹರ್ಟ್ಸಿನ ಪಿಸಿಎಂ (ಸಿಡಿಯಂತೆ ಹಲವು ಬಿಟ್ಟುಗಳ ಮಾದರಿಗಳ ಕ್ರಮ) ಆಗಿ, ಮತ್ತೆ ಡಿಎಸ್‌ಡಿಯಾಗಿ ಬಂದವು. ಸ್ಟುಡಿಯೊದಲ್ಲಿ ಇದು ಗುಟ್ಟಲ್ಲ, ಹೊದಿಕೆಯ ಮೇಲೆ ಮಾತ್ರ ಬರೆಯುತ್ತಿರಲಿಲ್ಲ.

ಹೊಸಕಿವಿ

ಫೈಲುಗಳೇ ಸಿಗುವುದಾದರೆ ಡಿಸ್ಕ್ ಏಕೆ ಸರ್?

ಒಂದುಬಿಟ್

ಎಲ್ಲವೂ ಫೈಲಾಗಿ ಸಿಗುವುದಿಲ್ಲ, ಅದೇ ಕಷ್ಟ. ಎರಡು ಸಾವಿರದ ಮೊದಲ ದಶಕದಲ್ಲಿ ದೊಡ್ಡ ಕಂಪನಿಗಳು ಮಾಡಿದ ಸರೌಂಡ್ ಮಿಶ್ರಣಗಳು ಎಷ್ಟೋ ಆ ಡಿಸ್ಕಿನಲ್ಲಿ ಬಿಟ್ಟು ಮತ್ತೆಲ್ಲೂ ಬಂದಿಲ್ಲ. ಹಕ್ಕು ಕೈಬದಲಾಗಿದೆ, ಮಿಶ್ರಣ ಮಾಡಿದವರು ನಿವೃತ್ತರಾಗಿದ್ದಾರೆ. ಹೊಸದಾಗಿ ಅಟ್ಮಾಸ್ ಬಂದಾಗ ಹಳೆಯ ಮಿಶ್ರಣವನ್ನು ಬದಿಗಿಟ್ಟು ಬೇರೆಯದನ್ನೇ ಮಾಡುತ್ತಾರೆ. ಅದು ಕೆಟ್ಟದೆಂದಲ್ಲ, ಆದರೆ ಅದು ಇದಲ್ಲ.

ಷಡ್ಜಪ್ರಿಯ ಅವರೇ, ಹೈಬ್ರಿಡ್‌ಗಳನ್ನು ಮರೆತು ಮೊದಲು ನಿಮ್ಮ ಮೂವತ್ತನಾಲ್ಕನ್ನು ಪಟ್ಟಿ ಮಾಡಿ. ಅದರಲ್ಲಿ ಬೇರೆ ರೂಪದಲ್ಲಿ ಸಿಗುವವನ್ನು ಹೊಡೆದುಹಾಕಿ. ಉಳಿದದ್ದೇ ನಿಮ್ಮ ನಿಜವಾದ ಚಿಂತೆ.

ಷಡ್ಜಪ್ರಿಯ

ನಾಲ್ಕು ದಿನ ಬಿಟ್ಟು ಬರೆಯುತ್ತಿದ್ದೇನೆ. ಬೆಸುಗೆಕಡ್ಡಿ ಅವರು ಹೇಳಿದಂತೆ ಮುಚ್ಚಳ ಬಿಚ್ಚಿ ಲೆನ್ಸ್ ಒರೆಸಿದೆ. ಹತ್ತಿ ಕಂದುಬಣ್ಣಕ್ಕೆ ತಿರುಗಿತು. ಸರಳಿನ ಗ್ರೀಸ್ ಒಣಗಿದ ಅಂಟಿನಂತಾಗಿತ್ತು. ಎಲ್ಲ ಮಾಡಿದ ಮೇಲೆ ಹೈಬ್ರಿಡ್‌ಗಳ ಎಸ್‌ಎಸಿಡಿ ಪದರ ಹತ್ತರಲ್ಲಿ ಏಳು ಓದುತ್ತಿದೆ, ಒಂಟಿ ಪದರದವು ಬಹುತೇಕ ಎಲ್ಲವೂ. ತಣ್ಣಗಿದ್ದಾಗ ಚೆನ್ನಾಗಿ ಓದಿ, ಒಂದು ಗಂಟೆ ಬಿಸಿಯಾದ ಮೇಲೆ ತೊದಲುತ್ತದೆ.

ಪಟ್ಟಿಯೂ ಆಯಿತು. ಮೂವತ್ತನಾಲ್ಕರಲ್ಲಿ ಇಪ್ಪತ್ತಮೂರಕ್ಕೆ ಫೈಲೋ ಬೇರೆ ಡಿಸ್ಕೋ ಇದೆ. ಹನ್ನೊಂದಕ್ಕೆ ಏನೂ ಇಲ್ಲ. ಆ ಹನ್ನೊಂದನ್ನು ದಿನಕ್ಕೊಂದರಂತೆ, ಬೆಳಗ್ಗೆ ಯಂತ್ರ ತಣ್ಣಗಿರುವಾಗ ಕೇಳುತ್ತಿದ್ದೇನೆ. ಒಂದನ್ನು ಕೊಂಡು ಆರು ವರ್ಷವಾಗಿತ್ತು, ಪೂರ್ತಿ ಕೇಳಿದ್ದು ಇದೇ ಮೊದಲು. ನಾಚಿಕೆಯಾಯಿತು.

ಬೆಸುಗೆಕಡ್ಡಿ

ಬಿಸಿಯಾದಾಗ ತೊದಲುವುದು ಕೆಂಪು ಲೇಸರ್ ದಣಿದಿರುವ ಗುರುತು. ತಿಂಗಳುಗಳಿರಬಹುದು, ಒಂದೆರಡು ವರ್ಷವೂ ಇರಬಹುದು. ಹೊಸ ಹೆಡ್ ಎಂದು ಮಾರುವವರು ಸಿಗುತ್ತಾರೆ. ಅವು ಹಳೆಯ ಯಂತ್ರದಿಂದ ಕಿತ್ತು ಒರೆಸಿದವೂ ಆಗಿರಬಹುದು, ಜಾಗ್ರತೆ. ನಾನಾದರೆ ಈಗಲೇ ಎರಡನೆಯ ಪ್ಲೇಯರ್ ಕೊಂಡಿಡುತ್ತೇನೆ. ಇನ್ನೂ ಹೊಸದು ಸಿಗುವಾಗಲೇ.

ಶಂಕಾಸುರ

ಸಾಯುವ ಫಾರ್ಮ್ಯಾಟಿಗೆ ಎರಡನೆಯ ಪ್ಲೇಯರ್!

ಹಿಂದಿನಸಾಲು

ನನ್ನಲ್ಲಿ ಮೂರಿವೆ. ಒಂದನ್ನು ಇನ್ನೂ ಪೆಟ್ಟಿಗೆಯಿಂದ ತೆಗೆದೇ ಇಲ್ಲ.

ಹೊಸಕಿವಿ

ಷಡ್ಜಪ್ರಿಯ ಸರ್, ಹೊಸದು ಕೊಂಡರೆ ಹಳೆಯದನ್ನು ಏನು ಮಾಡುತ್ತೀರಿ? ನನ್ನ ಸ್ಟೋನ್ಸ್ ಡಿಸ್ಕಿನ ಆ ಪದರವನ್ನು ಒಮ್ಮೆಯಾದರೂ ಕೇಳಬೇಕೆಂಬ ಆಸೆ. ಹತ್ತರಲ್ಲಿ ಏಳು ಸಾಕು ನನಗೆ.

ಷಡ್ಜಪ್ರಿಯ

ಸೋನಿಯ ಬ್ಲೂ-ರೇ ಪ್ಲೇಯರ್ ತರಿಸಲು ಹೇಳಿದ್ದೇನೆ. ಅದು ಬಂದ ಮೇಲೆ ಹಳೆಯದು ನಿಮಗೇ. ಸಾಗಿಸುವ ಖರ್ಚು ನಿಮ್ಮದು. ಬಿಸಿಯಾಗಲು ಬಿಡಬೇಡಿ.

ಬೆಸುಗೆಕಡ್ಡಿ

ಹೊಸಕಿವಿ, ಅದು ಪೂರ್ತಿ ನಿಂತ ದಿನ ಎಸೆಯಬೇಡಿ, ನನಗೆ ತಿಳಿಸಿ. ಅದೇ ಮಾದರಿಯ ಇನ್ನೊಂದು ನನ್ನ ಮೇಜಿನ ಮೇಲಿದೆ. ಲೇಸರ್ ಚೆನ್ನಾಗಿದೆ, ತಟ್ಟೆ ಹೊರತರುವ ಮೋಟಾರ್ ಇಲ್ಲ.